ಗಟ್ಟಿ ಪ್ಯಾಡಿನ ಡಬ್ಬಿ

ಚಿಕ್ಕೋಡಿಯ ಬಿಡಿಭಾಗಗಳ ಅಂಗಡಿಯಲ್ಲಿ ಟ್ರ್ಯಾಕ್ಟರಿನ ಫಿಲ್ಟರಿಗಾಗಿ ಕಾಯುತ್ತಿದ್ದ ಭಾಗ್ಯಾಳ ಕಿವಿ ಪಕ್ಕದ ಹೆಂಗಸಿನ ಕಡೆಗೇ ಇತ್ತು. ಆಕೆ ಜೀಪಿನ ಸವೆದ ಬ್ರೇಕ್ ಪ್ಯಾಡನ್ನು ಹಳೇ ಅರಿವೆಯಲ್ಲಿ ಸುತ್ತಿ ತಂದಿದ್ದಳು.

“ಜೀಪ್ ಎಲ್ಲಿ ಓಡತೈತ್ರಿ, ಅಕ್ಕಾರ?” ಅಂಗಡಿಯವ ಕೇಳಿದ.

“ಸತ್ತಿ ಊರಿನ ಹೊಳಿದಂಡಿ ಕೆಸರಾಗ್ರಿ.”

“ಹಂಗಾರ ಗಟ್ಟೀದು ಒಯ್ರಿ, ಬಾಳಿಕಿ ಬರತೈತಿ. ಖರೆ ಜೋರ್ಲೆ ತುಳೀಬೇಕು. ಮೆತ್ತಂದು ಲಗೂನ ಹಿಡೀತೈತಿ, ಲಗೂನ ಸವೀತೈತಿ.”

“ನಮ್ಮವರು ಗಟ್ಟೀದ ತಾ ಅಂದಾರ.”

“ಮತ್ತೇನ್ರಿ?”

“ಅವರ ಕಾಲು ಮುರದೈತಿ. ಈಗ ಓಡಸಾಕಿ ನಾನು. ಇಳಿಜಾರಿನ್ಯಾಗ ಎದ್ದು ನಿಂತು ತುಳೀತೀನ್ರಿ.”

“ಹಂಗಾರ ಮೆತ್ತಂದು?”

“ಬೈತಾರ್ರಿ. ಯಾವ್ದು ಒಯ್ಯಲೆಂತ ತಿಳೀವಲ್ದು.”

ಅಂಗಡಿಯವ ಮುಂದಿಟ್ಟ ಎರಡೂ ಪ್ಯಾಡಿನ ಡಬ್ಬಿಗಳನ್ನು ಆಕೆ ಎತ್ತಿ ಎತ್ತಿ ಇಟ್ಟಳು. ಭಾಗ್ಯಾ ತನಗರಿವಿಲ್ಲದೆ ಬಲಗಾಲನ್ನು ನೆಲಕ್ಕೆ ಒತ್ತಿ ನೋಡಿಕೊಂಡಳು.

“ಮೆತ್ತಂದ ಕೊಡ್ರಿ,” ಅಂದಳು ಆಕೆ. “ಗಟ್ಟೀದರ ಡಬ್ಬ್ಯಾಗ ಹಾಕ್ರಿ.”

ಡಬ್ಬಿಯನ್ನು ಎದೆಗವಚಿಕೊಂಡು ಆಕೆ ಬಸ್ ಸ್ಟ್ಯಾಂಡಿನತ್ತ ನಡೆದಳು.