ಯಾರೂ ಕರೆಯದ ಅಜ್ಜಯ್ಯ

ಬೀದಿಯ ತುದಿಯ ಬಾವಿ ದಾಟುವಾಗ ಯಾರಾದರೂ ಕರೆದರೆ ತಿರುಗಬೇಡಿ ಅನ್ನುತ್ತಾರಲ್ಲ, ಆ ಬಾವಿಗೆ ನಾನು ಕಗ್ಗತ್ತಲಲ್ಲಿ ಒಬ್ಬನೇ ಹೋಗಿ, ಬಗ್ಗಿ, "ಏನಯ್ಯಾ ಸಮಾಚಾರ?" ಅಂತ ಕೇಳಿ ಬಂದವನು. ಒಳಗಿದ್ದದ್ದೇ ಹೆದರಿ ಸುಮ್ಮನಾಯಿತು. ಅದಿರಲಿ. ಈಗ ಹೇಳುವುದು ನನ್ನ ಅಕ್ಕನ ಮಗನಿಗೆ ಆದದ್ದು. ಇದಕ್ಕೆ ನಾನು ಉಪ್ಪುಖಾರ ಹಚ್ಚಿಲ್ಲ... ದೀಪ ಸ್ವಲ್ಪ ಸಣ್ಣ ಮಾಡಿ.

ರಾತ್ರಿ ಹನ್ನೊಂದು. ಆಫೀಸಿನಿಂದ ನಡೆದು ಬರುತ್ತಿದ್ದ. ಬಾವಿಯ ಹತ್ತಿರ ಬಂದದ್ದೇ ತಡ, ಜೇಬಿನಲ್ಲಿ ಟಿಣ್ ಅಂತು. ಬೆಚ್ಚಿಬಿದ್ದ. ಫೋನು. 'ದೂರು ಒಂದು ಬಾಕಿ.' ಕಳಿಸಿದ್ದು ಅತ್ತೆ.

ಹೆಂಡತಿಯ ತಾಯಿ ಅಲ್ಲ ಸ್ವಾಮಿ. ಅವನ ಆಫೀಸಿನವರು ಕಟ್ಟಡಗಳ ಬಾಗಿಲು ತೆಗೆಯುವ, ಮುಚ್ಚುವ ಪ್ರೋಗ್ರಾಮು ಬರೆಯುತ್ತಾರೆ. ಬರೆದದ್ದನ್ನು ಓದಿ ತಪ್ಪು ಹುಡುಕಲು ಇನ್ನೊಂದು ಪ್ರೋಗ್ರಾಮು ಇಟ್ಟುಕೊಂಡಿದ್ದಾರೆ. ಅದು ಏನನ್ನೂ ಓಡಿಸಿ ನೋಡುವುದಿಲ್ಲ, ಸಾಲು ಸಾಲಾಗಿ ಬರೀ ಓದುತ್ತದೆ. ಅಡುಗೆಯನ್ನು ಬಾಯಿಗೆ ಹಾಕದೆ, ಪಾತ್ರೆ ನೋಡಿಯೇ ಉಪ್ಪು ಜಾಸ್ತಿ ಅನ್ನುವ ಹಾಗೆ. ಅದಕ್ಕೇ ಅದರ ಹೆಸರು ಅತ್ತೆ. ಅತ್ತೆಯ ದೂರು ಒಂದಿದ್ದರೂ ಪ್ರೋಗ್ರಾಮು ಯಾವ ಬಾಗಿಲಿಗೂ ಹೋಗಕೂಡದು. ಈ ಕಟ್ಟುಪಾಡನ್ನು ಕಂಪ್ಯೂಟರಿಗೇ ಕಲಿಸಿಬಿಟ್ಟವನು ನಮ್ಮ ಅಕ್ಕನ ಮಗ. ಮೂರು ತಿಂಗಳು ಮೀಸೆ ತಿರುವಿಕೊಂಡು ಓಡಾಡಿದ್ದ.

ಬೆಳಿಗ್ಗೆ ಪ್ರೋಗ್ರಾಮನ್ನು ಗಿರಾಕಿಗೆ ಕೊಡಬೇಕಿತ್ತು. ವಾಪಸ್ ಹೊರಡುತ್ತಾ ಹೆಂಡತಿಗೆ ಫೋನು ಮಾಡಿದ. ಅವಳು ಆಸ್ಪತ್ರೆಯಲ್ಲಿ ನರ್ಸು.

"ಮೆಲ್ಲಗೆ ಮಾತಾಡಿ, ಮಗು ಈಗಷ್ಟೇ ಮಲಗಿದೆ" ಅಂದಳು ಪಿಸುದನಿಯಲ್ಲಿ. "ರೀ, ಹನ್ನೊಂದೂ ಮುಕ್ಕಾಲಿಗೆ ಆಸ್ಪತ್ರೆ ಗಾಡಿ ಬರುತ್ತೆ. ನಾನು ಹೋಗದಿದ್ದರೆ ಅಲ್ಲಿ ವಾರ್ಡಿಗೆ ಯಾರೂ ಇಲ್ಲ. ಹೋದರೆ ಇಲ್ಲಿ ಮಗು ಒಂದೇ."

"ಹತ್ತು ನಿಮಿಷ ಕಣೇ."

"ನಿಮ್ಮ ಹತ್ತು ನಿಮಿಷ ನನಗೆ ಗೊತ್ತಿಲ್ವಾ?"

ಆಫೀಸಿನ ಬಾಗಿಲಿಗೆ ಕಾರ್ಡು ತೋರಿಸಿದ. ಪೀಂ... ಖಟಕ್. ಒಳಗೆ ಕಾಲಿಟ್ಟ. ಹಿಂದೆ ಬಾಗಿಲು ಉಸ್ಸ್... ಅಂತ ಮುಚ್ಚಿಕೊಂಡಿತು. ಕಿಟಕಿ ಇಲ್ಲದ ಕೋಣೆ. ಅಲ್ಲಿಗೆ ಫೋನಿನ ಸಿಗ್ನಲ್ಲೂ ಬರುವುದಿಲ್ಲ.

ಪರದೆಯ ಮೇಲೆ ಒಂದೇ ಸಾಲು. 'ಅಜ್ಜಯ್ಯ: ಇದನ್ನು ಯಾರೂ ಕರೆಯುವುದಿಲ್ಲ.'

ಅಜ್ಜಯ್ಯ ಅಂದರೆ ಆ ಆಫೀಸಿನ ಹಿರಿತಲೆ. ಬಾಗಿಲಿನ ಮೊದಲ ಪ್ರೋಗ್ರಾಮು ಬರೆದವರು. ಮೂರು ವರ್ಷದ ಹಿಂದೆ ಅದೇ ಕೋಣೆಯ ಮೂಲೆಯಲ್ಲಿ, ಕೂತ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು. ಜಂಬದಲ್ಲಿ ನನಗಿಂತ ಒಂದು ಕೈ ಮೇಲು... ತಾವು ಬರೆದ ಒಂದು ತುಣುಕಿಗೆ ತಮ್ಮ ಹೆಸರನ್ನೇ ಇಟ್ಟಿದ್ದರು. ಹಳೆಯ ತುಣುಕುಗಳನ್ನೂ ಓದಲು ಅತ್ತೆಗೆ ಅಂದಷ್ಟೇ ಹೇಳಿದ್ದರಿಂದ ಇಷ್ಟು ದಿನ ಅದು ಸಿಕ್ಕಿಬಿದ್ದಿರಲಿಲ್ಲ. ಪ್ರೋಗ್ರಾಮಿನಲ್ಲಿ ಒಂದು ತುಣುಕಿನಿಂದ ಕೆಲಸ ಆಗಬೇಕಾದರೆ ಅದರ ಹೆಸರು ಹಿಡಿದು ಕರೆಯಬೇಕು. ಯಾರೂ ಕರೆಯದ ತುಣುಕು ಸತ್ತ ತುಣುಕು. ಅಳಿಸಬಹುದು. ಅದರ ತಲೆಯ ಮೇಲೆ ಅಜ್ಜಯ್ಯ ಒಂದು ಟಿಪ್ಪಣಿ ಬಿಟ್ಟಿದ್ದರು: 'ಅಳಿಸಬೇಡಪ್ಪ. ಕರೆಯುವವರಿದ್ದಾರೆ.'

"ಎಲ್ಲಿದ್ದಾರೆ, ತೋರಿಸಿ ಅಜ್ಜಯ್ಯ" ಅಂತ ನಕ್ಕ. ಅಳಿಸಿದ. ಟಕ್. ಅತ್ತೆ ಮತ್ತೆ ಓದಿತು. ದೂರು ಸೊನ್ನೆ. ಹೊಸ ಪ್ರೋಗ್ರಾಮನ್ನು ಅವರು ಮೊದಲು ತಮ್ಮ ಸ್ವಂತ ಬಾಗಿಲಿಗೇ ಹಾಕುತ್ತಾರೆ. ಹಾಕಿದ. ಹನ್ನೊಂದೂ ಕಾಲು.

ಹೊರಡಲು ಕಾರ್ಡು ತೋರಿಸಿದ. ಪೀಂ...

ಖಟಕ್ ಬರಲಿಲ್ಲ.

ಇನ್ನೊಮ್ಮೆ. ಪೀಂ... ಇಲ್ಲ.

ಒಳಗಿದ್ದವರನ್ನು ಹೊರಗೆ ಬಿಡುವ ತುಣುಕೇ ಅಜ್ಜಯ್ಯ! ಬಾಗಿಲು ಅದನ್ನು ಕರೆಯುತ್ತಿದ್ದದ್ದು ಪ್ರೋಗ್ರಾಮು ಓಡುವಾಗ, ಆ ಗಳಿಗೆಯಲ್ಲೇ ಹೆಸರನ್ನು ಅಕ್ಷರ ಅಕ್ಷರವಾಗಿ ಜೋಡಿಸಿಕೊಂಡು. ಬರೆದ ಸಾಲುಗಳಲ್ಲಿ ಆ ಕರೆ ಎಲ್ಲೂ ಇಲ್ಲ. ಬರೀ ಓದುವ ಅತ್ತೆಗೆ ಅದು ಹೇಗೆ ಕೇಳಬೇಕು?

ಓಡಿಬಂದು ತುಣುಕನ್ನು ವಾಪಸ್ ಇಟ್ಟ. ಅತ್ತೆ ಓದಿತು. 'ದೂರು ಒಂದು. ಇದನ್ನು ಯಾರೂ ಕರೆಯುವುದಿಲ್ಲ.' ದೂರಿದ್ದರೆ ಬಾಗಿಲಿಗೆ ಹೋಗದು... ಅವನೇ ಕಟ್ಟಿದ ಗಂಟು. ಬಿಚ್ಚಲು ಯಜಮಾನರ ಪಾಸ್‌ವರ್ಡ್ ಬೇಕು. ಯಜಮಾನರು ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದರು.

ಬಾಗಿಲು ಬಡಿದ. ದಬ... ದಬ... ದಬ. ಕಬ್ಬಿಣದ ಬಾಗಿಲು, ಖಾಲಿ ಮಹಡಿ. ಭುಜ ಕೊಟ್ಟು ತಳ್ಳಿದ. ಕೂದಲೆಳೆಯಷ್ಟೂ ಅಲುಗಲಿಲ್ಲ. ಗೋಡೆಯ ಫ್ಯಾನು ಗುಂಯ್... ಅನ್ನುತ್ತಲೇ ಇತ್ತು. ಹನ್ನೊಂದೂವರೆ. ಮಗು ನಿದ್ದೆಯಲ್ಲಿ ಎದ್ದು ನಡೆಯುತ್ತಿತ್ತು. ಚಿಲಕ ತೆಗೆಯುವುದನ್ನು ಹೋದ ವಾರವಷ್ಟೇ ಕಲಿತಿತ್ತು. ಮನೆಯಿಂದ ಬಾವಿಗೆ ನಲವತ್ತು ಹೆಜ್ಜೆ...

ಒಂದೇ ದಾರಿ ಉಳಿದಿತ್ತು. ಅತ್ತೆಗೆ ಕಾಣುವ ಹಾಗೆ ತಾನೇ ಒಂದು ಸಾಲು ಬರೆದು ಕರೆಯುವುದು. ಅ... ಜ್ಜ... ಯ್ಯ. ಒತ್ತಿದ. ಟಕ್.

ಫ್ಯಾನು ನಿಂತಿತು.

ಹಿಂದೆ, ಮೂಲೆಯಲ್ಲಿ, ಕುರ್ಚಿ ಕಿರ್ರ್... ಅಂತು.

"ಯಾಕಪ್ಪಾ ಕರೆದೆ?"

ಇವನು ತಿರುಗಲಿಲ್ಲ. ಕತ್ತೇ ತಿರುಗಲೊಲ್ಲದು.

"ಬಾಗಿಲು... ಅಜ್ಜಯ್ಯ..."

"ಅಳಿಸಬೇಡ ಅಂತ ಬರೆದಿದ್ದೆನಲ್ಲೋ."

"ತಪ್ಪಾಯ್ತು. ಮನೇಲಿ ಮಗು ಒಂದೇ ಇರುತ್ತೆ."

"ಕೂತ್ಕೋ. ಇಲ್ಲಿ ಮಾತಾಡೋಕೆ ಯಾರೂ ಸಿಗಲ್ಲ."

"ಕೈ ಮುಗೀತೀನಿ ಅಜ್ಜಯ್ಯ. ಅದಕ್ಕೆ ಚಿಲಕ ತೆಗೆಯೋಕೆ ಬರುತ್ತೆ..."

ಆಮೇಲೆ ಕೆಮ್ಮು. ಒಣಕೆಮ್ಮು, ಎರಡು ಸಲ. ಹಿಂದೆ ಚಪ್ಪಲಿ ಸರ್... ಸರ್... ಅಂತ ಎಳೆದ ಸದ್ದು. ಅದು ಅವನ ಬೆನ್ನ ಹತ್ತಿರ ಬಂದು ನಿಂತಿತು.

"ನಾನೇನು ಬಾಗಿಲು ಅಡ್ಡಗಟ್ಟಿದ್ದೀನೇನೋ? ದಿನಾ ಎಲ್ಲರನ್ನೂ ಹೊರಗೆ ಬಿಟ್ಟೆ. ನನ್ನನ್ನ ಬಿಡೋರು ಯಾರು?... ನಡಿ. ನೀನು ಮುಂದೆ."

ಖಟಕ್.

ಅವನು ಓಡಿದ ಓಟಕ್ಕೆ ಕುದುರೆ ನಾಚಬೇಕು. ಮನೆ ಮುಂದೆ ಗಾಡಿ ಪೋಂ ಪೋಂ ಅನ್ನುತ್ತಿತ್ತು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಹೆಗಲ ಮೇಲೆ ಮಗು.

"ಎದ್ದು ಬಂದುಬಿಟ್ಟಿತ್ತು. ಚಿಲಕಕ್ಕೆ ಕೈ ಹಾಕಿದಾಗ ಹಿಡಿದೆ. ಹತ್ತು ನಿಮಿಷವಂತೆ, ಹತ್ತು ನಿಮಿಷ!" ಮಗುವನ್ನು ಅವನ ಕೈಗೆ ತುರುಕಿ ಗಾಡಿ ಹತ್ತಿದಳು. ಬೆಳಗಾಗುವವರೆಗೂ ಅವನು ಮಗುವನ್ನು ಕೆಳಗಿಡಲಿಲ್ಲ.

ಬೆಳಿಗ್ಗೆ ಅವಳು ಬಂದ ಮೇಲೆ ನನ್ನನ್ನು ಎಬ್ಬಿಸಿಕೊಂಡು ಹೋದ. "ಮಾವ, ನೀವು ಜೊತೆಗಿದ್ದರೆ ಧೈರ್ಯ" ಅಂದ. ಇರದೆ ಇರುತ್ತದೆಯೇ! ಇನ್ನೂ ಯಾರೂ ಬಂದಿರಲಿಲ್ಲ. ನಾವಿಬ್ಬರೂ ಹೊರಗೇ ನಿಂತೆವು. ಬಾಗಿಲ ಮೇಲೆ ಒಂದು ಪುಟ್ಟ ಪರದೆ ಇದೆ. ಒಬ್ಬರು ಒಳಗೆ ಹೋದರೆ ಒಂದು ಕೂಡುತ್ತದೆ, ಒಬ್ಬರು ಹೊರಗೆ ಬಂದರೆ ಒಂದು ಕಳೆಯುತ್ತದೆ. ಎಲ್ಲರೂ ಹೋದ ಮೇಲೆ ಸೊನ್ನೆ ಇರಬೇಕು. ನನ್ನ ಉಳಿದ ಮಾತನ್ನೆಲ್ಲ ಬೇಕಾದರೆ ಬುರುಡೆ ಅನ್ನಿ, ಇದನ್ನು ಮಾತ್ರ ಅನ್ನಬೇಡಿ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನಾನೇ ಓದಿದೆ.

ಒಳಗಿರುವವರು: ಮೈನಸ್ ಒಂದು.