ಅಪ್ಪ ನಿಲ್ಲುವ ಜಾಗ

ಹುಡುಗಿ ತನ್ನ ಇಯರ್‌ಫೋನಿನ ಒಂದು ತುದಿಯನ್ನು ಪಕ್ಕದವನ ಕಿವಿಗೆ ತುರುಕಿದಳು. ಲಂಕಾ ಚೌಕದಿಂದ ಹನುಮಾನ್ ಘಾಟ್ ಕಡೆಗೆ ಹೊರಟ ಟೋಟೋ ರಿಕ್ಷಾದಲ್ಲಿ ಅವರೆದುರು ಮಂಡಿ ತಾಗಿಸಿಕೊಂಡು ಕೂತಿದ್ದೆ. ಕನ್ನಡ ಕಿವಿಗೆ ಬಿತ್ತು.

“ಕೇಳು ಸಮೀರಣ್ಣ, ಅಪ್ಪ ಘಾಟಲ್ಲಿ ಯಾತ್ರಿಕರಿಗೆ ಸಂಕಲ್ಪ ಮಾಡಿಸ್ತಿರೋದು. ರೆಕಾರ್ಡ್ ಮಾಡಿ ಹಾಡಿಗೆ ಸೇರಿಸಿದೀನಿ.”

“ಅರೇ, ಮಸ್ತ್ ಅಂಬು! ಬೀಟ್‌ಗೆ ಸರಿಯಾಗಿ ಕೂತಿದೆ.”

“ಅದೇ ತಪ್ಪಾಗಿರೋದು. ‘ನಿಮ್ಮ ಗೋತ್ರ?’ ಅಂತ ಕೇಳಿ ಅಪ್ಪ ನಿಲ್ತಾರೆ. ಯಾತ್ರಿಕರು ನೆನಪು ಮಾಡ್ಕೊಂಡು ಹೇಳೋವರೆಗೂ ಕಾಯ್ತಾರೆ. ಇಲ್ಲಿ ನಿಲ್ಲೋದೇ ಇಲ್ಲ.”

“ಈ ಸಾಫ್ಟ್‌ವೇರ್ ಖಾಲಿ ಜಾಗಾನ ತಾನೇ ಕತ್ತರಿಸುತ್ತೆ. ಅದಕ್ಕೇ ಇದನ್ನ ತಗೋ ಅಂದಿದ್ದು.”

“ಅದು ಖಾಲಿ ಅಲ್ಲ. ಇನ್ನೊಂದು ಸಾಫ್ಟ್‌ವೇರಲ್ಲಿ ಎಲ್ಲಾ ನಾವೇ ಕೈಯಾರೆ ಜೋಡಿಸಬಹುದಂತೆ.”

“ಅದನ್ನ ಕಲಿಯೋಕೇ ತಿಂಗಳು ಬೇಕು. ಚಿಕ್ಕಪ್ಪನ ಗಂಟಲು ಆಪರೇಷನ್ ನಾಳೆ ಬೆಳಿಗ್ಗೆ ತಾನೇ?”

“ಹೂಂ. ಆಮೇಲೆ ಅಪ್ಪನಿಗೆ ದನಿ ಬರುತ್ತೋ ಇಲ್ಲವೋ, ಡಾಕ್ಟರೂ ಹೇಳ್ತಿಲ್ಲ. ಇವತ್ತೇ ಮುಗಿಸಿ ಅವರಿಗೆ ಕೇಳಿಸಬೇಕು.”

“ಈ ಧಡ್ ಧಡ್ ಕೇಳಿದ್ರೆ ಚಿಕ್ಕಪ್ಪ ಪಂಚಪಾತ್ರೆ ಎಸೀತಾರೆ, ನೋಡ್ತಿರು.”

“ಎಸೀಲಿ. ಬೈಯೋಕೆ ಇವತ್ತು ದನಿಯಾದರೂ ಇದೆ.”

ಅವನು ನಗಲಿಲ್ಲ. ಅವಳು ತೊಡೆಯ ಮೇಲಿನ ಲ್ಯಾಪ್‌ಟಾಪ್ ಪರದೆಯಲ್ಲಿ ಗೋತ್ರ ಕೇಳುವ ಅದೇ ಜಾಗವನ್ನು ಮತ್ತೆ ಮತ್ತೆ ಒತ್ತುತ್ತಿದ್ದಳು. ಹನುಮಾನ್ ಘಾಟ್‌ನ ಗಲ್ಲಿಯ ತಿರುವಿನಲ್ಲಿ ಟೋಟೋ ನಿಂತಿತು.

“ಕೊಡಿಲ್ಲಿ ಲ್ಯಾಪ್‌ಟಾಪು,” ಅವನು ಕೈ ಚಾಚಿದ. “ಇದರಲ್ಲೇ ಹತ್ತು ನಿಮಿಷದಲ್ಲಿ ಮುಗಿಸಿಕೊಡ್ತೀನಿ. ಆ ಜಾಗ ಹೋಗಿದ್ದು ಯಾರಿಗೂ ಗೊತ್ತಾಗಲ್ಲ.”

“ಬೇಡ,” ಎಂದಳು. “ಅಪ್ಪ ನಿಲ್ಲೋ ಜಾಗಾನ ನಾನೇ ಕೈಯಾರೆ ಜೋಡಿಸ್ತೀನಿ.” ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಇಳಿದು ಹೋದಳು.