ಹದಿನಾಲ್ಕು ತಿಂಗಳ ಚುಕ್ಕೆಗಳು

ಅಮ್ಮನ ಎಕ್ಸ್‌ರೇ ಮುಗಿಯಲೆಂದು ಆಸ್ಪತ್ರೆಯ ಬೆಂಚಿನಲ್ಲಿ ಕಾಯುತ್ತಿದ್ದ ದರ್ಜಿಗೆ ಪಕ್ಕದಲ್ಲಿ ಕೂತಿದ್ದ ಗಂಡ ಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಗಂಡ ಬರೀ ಮೂಳೆ ಚಕ್ಕಳ. ಅವನ ಫೈಲು ಹೆಂಡತಿಯ ಮಡಿಲಲ್ಲಿತ್ತು.

“ಗ್ಯಾಸ್ ಆರಿಸಿದ್ಯೇನೇ?”

“ಆರಿಸಿದೆ. ಮೇನ್ ಸ್ವಿಚ್ಚೂ ಆಫ್ ಮಾಡಿದೆ.”

“ಮೇನ್ ಸ್ವಿಚ್ಚಾ? ಕಂಪ್ಯೂಟರ್ ಓಡ್ತಿತ್ತಲ್ಲೇ!”

“ಅಯ್ಯೋ, ನನ್ನ ಹಾಳು ಕೈ! ಬೀಗ ಹಾಕೋವಾಗ ತಾನಾಗೇ ಅಲ್ಲಿಗೆ ಹೋಗುತ್ತೆ ನೋಡಿ. ಚುಕ್ಕೆಗೆ ಚುಕ್ಕೆ ಸೇರಿಸೋ ಒಂದೇ ನಿಯಮದಿಂದ ಇಡೀ ಪ್ರಪಂಚ ಹುಟ್ಟುತ್ತೆ ಅಂತಿದ್ರಲ್ಲ, ಅದೇನಾ ಅದರಲ್ಲಿ ಓಡ್ತಿದ್ದಿದ್ದು?”

“ಅದೇ. ಹದಿನಾಲ್ಕು ತಿಂಗಳು ಓಡಿ, ಆ ಪ್ರಪಂಚದಲ್ಲಿ ಉದ್ದ ಅಗಲ ಅನ್ನೋದು ಈಗಷ್ಟೇ ಮೂಡ್ತಿತ್ತು.”

“ನಿಂತಲ್ಲಿಂದ ಓಡಿಸೋಕಾಗಲ್ವಾ?”

“ನಡುವೆ ಉಳಿಸಿಡೋಷ್ಟು ಜಾಗ ಆ ಹಳೇ ಡಬ್ಬದಲ್ಲಿ ಎಲ್ಲಿದೆ? ಮೊದಲಿಂದಲೇ ಶುರು ಮಾಡ್ಬೇಕು.”

“ಮಾಡಿದ್ರೆ ಅದೇ ಬರುತ್ತಾ?”

“ಒಂದು ಚುಕ್ಕೆ ಹೆಚ್ಚುಕಮ್ಮಿಯಿಲ್ಲದೆ ಬರುತ್ತೆ. ಆದ್ರೆ ಮತ್ತೆ ಹದಿನಾಲ್ಕು ತಿಂಗಳು. ಪೂರ್ತಿ ಓಡಿಸದೆ ಮುಂದೇನು ಅಂತ ತಿಳಿಯೋಕೆ ಅಡ್ಡದಾರಿ ಇಲ್ಲ ಕಣೇ.”

ಹೆಂಡತಿ ಫೈಲನ್ನು ಎದೆಗೊತ್ತಿಕೊಂಡಳು.

“ಡಾಕ್ಟರು ನಿಮಗೆ ಆರೇ ತಿಂಗಳು ಅಂದಿದ್ದಾರಲ್ರೀ.”

“ಹ್ಞೂಂ.”

ದರ್ಜಿ ಗೋಡೆಯ ಗಡಿಯಾರದ ಕಡೆ ಮುಖ ತಿರುಗಿಸಿದ.

“ಮನೆಗೆ ಹೋದ ತಕ್ಷಣ ಶುರು ಮಾಡಿ,” ಎಂದಳು ಹೆಂಡತಿ. “ಆಮೇಲೆ ಆ ಕಂಪ್ಯೂಟರ್ ಅನ್ನೋ ನನ್ನ ಸವತೀನ ನಾನೇ ಕಾಯ್ತೀನಿ.”

“ಕಾದು? ಬಂದಿದ್ದು ನಾವಿರೋ ಈ ಪ್ರಪಂಚಾನೋ ಅಲ್ವೋ ಅಂತ ನಿಂಗೆ ಹೇಗೆ ಗೊತ್ತಾಗುತ್ತೆ?”

“ಆರು ತಿಂಗಳಿದೆಯಲ್ಲ, ಹೇಳ್ಕೊಡಿ.”

ನರ್ಸು ಬಾಗಿಲಿಂದ ಕರೆದಳು. ಹೆಂಡತಿ ಅವನ ತೋಳು ಹಿಡಿದು ಎಬ್ಬಿಸಿದಳು. ಎರಡು ಹೆಜ್ಜೆ ನಡೆದ ಗಂಡ, ಬೆರಳನ್ನು ಗಾಳಿಯಲ್ಲಿ ಊರಿದ.

“ಮೊದಲು ಇಲ್ಲಿ ಒಂದೇ ಒಂದು ಚುಕ್ಕೆ ಇದೆ ಅಂದ್ಕೋ...”

ಬಾಗಿಲು ಮುಚ್ಚಿಕೊಂಡಿತು.